ಹೊರಸಿನ ಕೆಳಗಿನ ಚರಿಗಿ

ಮುನವಳ್ಳಿ
೨೧ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಪ್ಪೂನ ಅಪ್ಪನವರಿಗೆ ರಾಜೇಶ್ವರಿಯ ನಮಸ್ಕಾರಗಳು.

ಮೊದಲು ನಿಮ್ಮ ಕ್ಷೇಮ ಕೇಳಬೇಕು, ಗೊತ್ತಿದೆ. ಆದರೆ ಕನಸು ಹೇಳದೆ ನನ್ನ ಕೈ ಮುಂದೆ ಓಡುವುದಿಲ್ಲ. ಮೊನ್ನೆ ಬೆಳಗಿನ ಜಾವ ಬಿದ್ದದ್ದು. ನೀವು ಆ ಗುಡ್ಡದ ರಸ್ತೆಯಲ್ಲಿ ಜೆಸಿಬಿ ಮೇಲೆ ಕುಳಿತಿದ್ದಿರಿ. ಮೇಲಿನಿಂದ ಮಣ್ಣು ಜಾರಿ ನೀವೂ ಕಾಣದಂತಾದಿರಿ, ಗಾಡಿಯೂ ಕಾಣದಂತಾಯಿತು. ನಾನು ಎರಡೂ ಕೈಯಿಂದ ಮಣ್ಣು ಬಗೆಯುತ್ತ ಕೂಗಿದೆ. ಒಳಗಿನಿಂದ “ಆರಾಮ ಅದೇನಿ, ಆರಾಮ ಅದೇನಿ” ಅನ್ನುವ ದನಿ ಬಂತು. ಆ ದನಿ ನಿಮ್ಮದಲ್ಲ, ಮಾವನವರದು. ಎದ್ದವಳೇ ಪಡಸಾಲೆಗೆ ಹೋಗಿ ಅವರ ಉಸಿರು ನೋಡಿ ಬಂದೆ. ಆಮೇಲೆ ನಿಮ್ಮ ನಂಬರಿಗೆ ಫೋನು ಹಚ್ಚಿದೆ. ಎಂದಿನಂತೆ ಆ ಹೆಣ್ಣುಮಗಳು ಹಿಂದಿಯಲ್ಲಿ ಏನೋ ಹೇಳಿ ಇಟ್ಟಳು. ನಿನ್ನೆಯೇ ಬರೆಯುತ್ತಿದ್ದೆ, ಅಮವಾಸ್ಯೆ ಇತ್ತು. ಅಮವಾಸ್ಯೆಯ ದಿನ ಬರೆದ ಕಾಗದ ದಾರಿಯಲ್ಲಿ ತಪ್ಪೀತೆಂದು ಬಿಟ್ಟೆ.

ಈಗ ಹೇಳಿ, ನೀವು ಹೇಗಿದ್ದೀರಿ? ಅಲ್ಲಿ ಹಿಮ ಬೀಳಲು ಹತ್ತಿತೇ? ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕುತ್ತೀರಾ, ಇಲ್ಲ ಒಂದೇ ಹಾಕಿ ಎರಡು ಅನ್ನುತ್ತೀರಾ? ಕ್ಯಾಂಪಿನ ಅಡುಗೆಯವನು ಇನ್ನೂ ಆಲೂಗಡ್ಡೆಯನ್ನೇ ಬೇಯಿಸುತ್ತಿದ್ದಾನೆಯೇ? ರಾಮದುರ್ಗದ ಸಂಜು ರಜೆ ಮುಗಿಸಿ ಇವತ್ತು ಸಂಜೆಯ ಗಾಡಿಗೆ ನಿಮ್ಮ ಕ್ಯಾಂಪಿಗೆ ವಾಪಸು ಹೊರಡುತ್ತಾನಂತೆ. ದಾರಿಯಲ್ಲಿ ಮುನವಳ್ಳಿಗೆ ಬಂದು ಈ ಕಾಗದ ಒಯ್ಯುತ್ತೇನೆ ಅಂದಿದ್ದಾನೆ. ಅದಕ್ಕೇ ರೊಟ್ಟಿ ಬಡಿಯುವುದನ್ನು ಬಿಟ್ಟು ಕುಳಿತಿದ್ದೇನೆ. ಏಳನೇ ಇಯತ್ತೆಯಲ್ಲಿ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಎಲ್ಲಿ ಕೊಡಬೇಕು, ಎಲ್ಲಿ ಬಿಡಬೇಕು ಅಂತ ಇನ್ನೂ ಗೊಂದಲ. ನೀವು ಸರಿ ಮಾಡಿಕೊಂಡು ಓದಿ.

ಹೋದ ವಾರ ನಿಮ್ಮ ಫೋನು ಹತ್ತಿದಾಗ “ಮಾವಾರನ್ನ ದವಾಖಾನಿಗೆ” ಅಂತ ನಾನು ಹೇಳುವಷ್ಟರಲ್ಲಿ ಕಟ್ಟಾಯಿತು. ಅಂದಿನಿಂದ ನೀವು ಏನೇನು ನೆನೆಸಿಕೊಂಡಿರಬಹುದೋ ಅಂತ ನನಗೆ ಊಟ ಹತ್ತಿಲ್ಲ. ಅದಕ್ಕೆ ಮೊದಲು ಇದನ್ನು ಓದಿ: ಮಾವನವರು ಮನೆಯಲ್ಲಿದ್ದಾರೆ. ಇವತ್ತು ಮೆತ್ತಗಿನ ಅನ್ನ, ತಿಳಿಸಾರು ಉಂಡಿದ್ದಾರೆ. ಈಗ ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು ಮಹಾಂತಪ್ಪ ಕಾಕಾನ ಜೊತೆ ಜಗಳ ಮಾಡುತ್ತಿದ್ದಾರೆ. ಜಗಳ ಮಾಡುವಷ್ಟು ಶಕ್ತಿ ಬಂದಿದೆ ಅಂದರೆ ನೀವೇ ತಿಳಿದುಕೊಳ್ಳಿ.

ಔಷಧ ಶುರುವಾದದ್ದು ನೀವು ಹೋದ ಮೇಲೆ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಪುಪ್ಪುಸದಲ್ಲಿ ಗಡ್ಡೆ ಇದೆ, ಇದು ಕ್ಯಾನ್ಸರು ಅಂತ ನಿಮ್ಮೆದುರೇ ಹೇಳಿದ್ದರಲ್ಲ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಮೊದಲ ಸಲಾಯಿನ್ ಹಚ್ಚುವ ಮುಂಚೆ ನಮ್ಮಿಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಒಬ್ಬ ಸಿಸ್ಟರ್ ಇದ್ದಾಳೆ, ಹಿನಾಕೌಸರ ಅಂತ, ನಮ್ಮ ಸವದತ್ತಿಯವಳೇ. ಸಲಾಯಿನ್ ಹಚ್ಚುವ ಕೆಲಸ ಅವಳದಲ್ಲ. ರೋಗಿಗಳಿಗೆ ತಿಳಿಸಿ ಹೇಳುವುದು, ಅವರು ಊರಿಗೆ ಹೋದ ಮೇಲೆ ಫೋನಿನಲ್ಲಿ ವಿಚಾರಿಸುವುದು, ಇದಕ್ಕೇ ಅವಳನ್ನು ಇಟ್ಟಿದ್ದಾರೆ. ಮಾವನವರದು ಹಗ್ಗದ ಅಂಗಡಿ ಅಂತ ಕೇಳಿದವಳೇ ಹಗ್ಗದಿಂದಲೇ ಮಾತು ಶುರು ಮಾಡಿದಳು. “ಯಪ್ಪಾ, ನಿಮ್ಮ ಹೊಲಕ್ಕ ಕಾವಲ ನಾಯಿ ಇರ್ತೈತಿಲ್ರಿ, ಹಂಗ ಮೈಯಾಗೂ ಒಂದ ನಾಯಿ ಐತ್ರಿ. ಈ ಗಡ್ಡಿ ಭಾಳ ಶಾಣ್ಯಾ, ಅದನ್ನ ಹಗ್ಗಾ ಹಾಕಿ ಕಟ್ಟಿ ಕುಂದರಿಸೇತಿ. ನಾವ ಕೊಡೂ ಔಷಧ ಗಡ್ಡೀನ ಕೊಲ್ಲಂಗಿಲ್ಲ, ನಾಯಿ ಹಗ್ಗಾ ಬಿಚ್ಚತೈತಿ, ಅಷ್ಟ. ಕಳ್ಳನ್ನ ಹಿಡಿಯೂದು ನಾಯೀನ.” ಮಾವನವರಿಗೆ ಇದು ಬಹಳ ಹಿಡಿಸಿತು. “ಹಂಗಾರ ಛಲೋ ಆತಲ್ಲವ್ವಾ” ಅಂದರು. ಅವಳು ಕೈ ಅಡ್ಡ ಮಾಡಿದಳು. “ಪೂರಾ ಕೇಳ್ರಿ. ಬಿಚ್ಚಿದ ನಾಯಿ ಒಮ್ಮೊಮ್ಮೆ ಮನ್ಯಾಗಿನ ಕರಕ್ಕೂ ಬಾಯಿ ಹಾಕ್ತೈತಿ. ಹೊಟ್ಟಿಗಿ ಹಾಕಿದ್ರ ಸಂಡಾಸ ಹತ್ತತೈತಿ, ಪುಪ್ಪುಸಕ್ಕ ಹಾಕಿದ್ರ ದಮ್ಮು ಬರತೈತಿ, ಮೈ ತುರಸತೈತಿ, ಕಣ್ಣ ಕೆಂಪಾಗತಾವ. ಇವತ್ತ ಹಾಕೂದಿಲ್ಲ, ತಿಂಗಳ ಬಿಟ್ಟ ಹಾಕೀತು. ಹಾಕಿದ ದಿವಸಾನ ನಮಗ ಹೇಳ್ರಿ, ನಾವ ನಾಯೀನ ಗಿಡ್ಡ ಹಗ್ಗದಾಗ ಕಟ್ತೇವಿ. ಅಂಗಡಿ ಗುಳಿಗಿ ತಗೊಂಡ ನೀವ ನೀವ ಕಲ್ಲ ಒಗೀಬ್ಯಾಡ್ರಿ.” ಒಂದು ಕಾರ್ಡು ಕೊಟ್ಟಳು. ಇವರು ಇಂಥ ಔಷಧದ ಮೇಲಿದ್ದಾರೆ, ಏನೇ ಆದರೂ ಮೊದಲು ಈ ನಂಬರಿಗೆ ಫೋನು ಮಾಡಿ ಅಂತ ಅದರಲ್ಲಿ ಬರೆದಿದೆ. ಮಾವನವರು ಅದನ್ನು ಅಂಗಿಯ ಒಳಗಿಸೆಯಲ್ಲಿ ಇಟ್ಟುಕೊಂಡರು. ನಾನು ಅಂದಿನಿಂದ ಬೀದಿಯ ನಾಯಿ ಬೊಗಳಿದರೂ ಪಡಸಾಲೆಗೆ ಓಡುತ್ತೇನೆ.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ನನ್ನ ಫೋನಿಗೆ ದವಾಖಾನೆಯ ದನಿ ಬರುತ್ತಿತ್ತು, ಕನ್ನಡದಲ್ಲೇ. ಉಸಿರಾಟ ಹೇಗಿದೆ, ಮೈ ತುರಿಸುತ್ತದೆಯೇ, ಸಂಡಾಸ ಎಷ್ಟು ಸಲ ಆಯಿತು ಅಂತ ಕೇಳುತ್ತದೆ. ಆರಾಮ ಇದ್ದರೆ ಒಂದನ್ನು ಒತ್ತಬೇಕು, ತ್ರಾಸ ಇದ್ದರೆ ಎರಡನ್ನು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಸೆರಗು ಸರಿ ಮಾಡಿಕೊಂಡು “ಮಾವಾರ, ಆರಾಮ ಏನ್ರಿ?” ಅನ್ನುತ್ತಿದ್ದೆ. ಪಡಸಾಲೆಯಿಂದ “ಆರಾಮ ಐತೆವ್ವಾ” ಅಂತ ಬರುತ್ತಿತ್ತು. ನಾನು ಒಂದನ್ನು ಒತ್ತಿ ರೊಟ್ಟಿಗೆ ಕೂರುತ್ತಿದ್ದೆ. ನಮ್ಮ ಕಡೆಯ ರೀತಿ ನಿಮಗೆ ಗೊತ್ತಲ್ಲ. ಕಾಲು ಮುರಿದುಕೊಂಡು ಬಿದ್ದವನೂ ಕೇಳಿದವರಿಗೆ ಮೊದಲು ಆರಾಮ ಅಂದು, ನೀವು ಆರಾಮ ಏನ್ರಿ ಅಂತ ಕೇಳಿ, ಚಹಾ ಕುಡಿಸಿ, ಆಮೇಲೆ ಕಾಲು ತೋರಿಸುತ್ತಾನೆ. ಅದರಲ್ಲೂ ಸೊಸೆಯ ಮುಂದೆ ಮಾವ ಸಂಡಾಸದ ಮಾತು ಹೇಗೆ ತೆಗೆದಾರು? ಅತ್ತೆಯವರು ಇದ್ದಿದ್ದರೆ ಬೇರೆ ಮಾತಿತ್ತು. ಈ ಮನುಷ್ಯ ಇಷ್ಟು ವರ್ಷವಾದರೂ ಕೆಮ್ಮದೆ ಅಡುಗೆಮನೆಯ ಹೊಸ್ತಿಲಿಗೆ ಬಂದವರಲ್ಲ. ಪಲ್ಯಕ್ಕೆ ಉಪ್ಪು ಕಡಿಮೆ ಬಿದ್ದರೆ ಅಪ್ಪುವಿನ ಕಿವಿಯಲ್ಲಿ ಹೇಳಿ ಕಳಿಸುತ್ತಾರೆ. ನಾನೂ ಬಾಯಿ ಬಿಟ್ಟು ಕೇಳಲಿಲ್ಲ, ಅವರೂ ಹೇಳಲಿಲ್ಲ. ಫೋನಿನ ದನಿ ಪಾಪ, ಅದಕ್ಕೇನು ತಿಳಿಯುತ್ತದೆ.

ದೀಪಾವಳಿ ದಾಟಿದ ಮೇಲೆ ಅವರು ಊಟ ಕಡಿಮೆ ಮಾಡಿದರು. ರೊಟ್ಟಿ ಬೇಡ, ಗಂಜಿ ಸಾಕು ಅಂದರು. ಹಬ್ಬದ ಕರಿದ ತಿಂಡಿ ಹೊಟ್ಟೆ ಕೆಡಿಸಿರಬೇಕು ಅಂದುಕೊಂಡೆ. ನನ್ನ ಸ್ವಭಾವ ನಿಮಗೆ ಗೊತ್ತು. ಅಪ್ಪುವಿನ ಕೈಯಿಂದ ಅವರ ಹಣೆ ಮುಟ್ಟಿಸಿ ನೋಡಿದೆ. ಉಗುರು ಬಿಳಿಯಾಗಿವೆ ಅನ್ನಿಸಿತು. ಹಲ್ಲಿ ಲೊಚಗುಟ್ಟಿದ್ದಕ್ಕೂ ಅರ್ಥ ಹುಡುಕಿದೆ. ಜಗತ್ತಿನ ಚಿಂತೆಯನ್ನೆಲ್ಲ ಮಾಡಿದೆ. ಯಾವುದರ ಚಿಂತೆ ಮಾಡಬೇಕಿತ್ತೋ ಅದೊಂದು ಮಾತ್ರ ನನ್ನ ತಲೆಗೆ ಬರಲಿಲ್ಲ.

ಸೋಮವಾರಕ್ಕೊಮ್ಮೆ ಹಿನಾಕೌಸರ ತಾನೇ ಮುಖ ಕಾಣುವಂತೆ ಫೋನು ಮಾಡುತ್ತಾಳೆ. ಈ ತಿಂಗಳ ಮೊದಲ ಸೋಮವಾರ ಮಾವನವರು ಹೊರಸಿನ ಮೇಲೆ ಗೋಡೆಗೆ ಆತುಕೊಂಡು ಕುಳಿತಿದ್ದರು. ಮಹಾಂತಪ್ಪ ಕಾಕಾ ಬಾಜೂಕ್ಕೆ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ನಾನು ಫೋನು ಹಿಡಿದು ನಿಂತಿದ್ದೆ. “ಯಪ್ಪಾ ಹೆಂಗದೀರಿ?” ಅಂದಳು. “ಆರಾಮ ಅದೇನವ್ವಾ, ನೀ ಆರಾಮ ಅದಿಯಿಲ್ಲ?” ಅಂದರು. ಅವಳು ಮುಖ ಫೋನಿನ ಹತ್ತಿರ ತಂದು ನೋಡಿದಳು. ಆಮೇಲೆ, “ಅಕ್ಕಾ, ಫೋನ ಸ್ವಲ್ಪ ಕೆಳಗ ಹಿಡೀರಿ. ಹೊರಸಿನ ಬುಡಕ ಏನದು?” ಅಂದಳು. ಚರಿಗಿ. ಸಂಡಾಸಕ್ಕೆ ಒಯ್ಯುವ ಚರಿಗಿ. ಅದರ ಜಾಗ ಹಿತ್ತಲ ಬಾಗಿಲು, ನಿಮಗೂ ಗೊತ್ತು. ಅದನ್ನು ಅಲ್ಲಿ ನೋಡಿಯೂ ನಾನು ನೋಡಿರಲಿಲ್ಲ. “ಕುಡಿಯಾಕ ನೀರ ಇಟಗೊಂಡೇನಿ” ಅಂದರು ಮಾವನವರು. “ಯಪ್ಪಾ, ನಾನೂ ಸವದತ್ತ್ಯಾಗ ಹುಟ್ಟೇನ್ರಿ. ಚರಿಗ್ಯಾಗ ನೀರ ಕುಡಿಯೂ ಮಂದೀನ ನಾ ಇನ್ನೂ ಕಂಡಿಲ್ಲ” ಅಂದಳು. ಮಹಾಂತಪ್ಪ ಕಾಕಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ಅವಳು ನನಗೆ, “ಅಕ್ಕಾ, ಫೋನ ಕಾಕಾನ ಕೈಯಾಗ ಕೊಡ್ರಿ. ನೀವ ಹಿತ್ತಲಕ್ಕ ಹೋಗಿ ಅರಬಿ ಒಣಾ ಹಾಕ್ರಿ” ಅಂದಳು. ಒಣ ಹಾಕಲು ಅರಿವೆಯೇ ಇರಲಿಲ್ಲ. ಆದರೂ ಹೋದೆ. ಕಿವಿ ಮಾತ್ರ ಪಡಸಾಲೆಯಲ್ಲೇ ಇತ್ತು.

ಆಗ ಎಲ್ಲ ಹೊರಬಿತ್ತು. ವಾರದಿಂದ ಹತ್ತಿತ್ತಂತೆ. ದಿನಕ್ಕೆ ಎಷ್ಟು ಸಲ ಅಂದರೆ ಅವರಿಗೇ ಲೆಕ್ಕ ತಪ್ಪಿತ್ತು. ನೀರಿನಂತೆ, ಆಮೇಲೆ ರಕ್ತವೂ. ಎದ್ದು ಹಿತ್ತಲ ತನಕ ಹೋಗಿ ಚರಿಗಿ ತುಂಬಿಕೊಳ್ಳುವಷ್ಟು ಪುರಸೊತ್ತು ಇರುತ್ತಿರಲಿಲ್ಲ ಅಂತ ತುಂಬಿಸಿ ಕೆಳಗೇ ಇಟ್ಟುಕೊಂಡಿದ್ದರು. ನಾನು ಬಾವಿಯ ಕಡೆ ಹೋಗುವುದನ್ನು ಕಾದು ಹೋಗುತ್ತಿದ್ದರಂತೆ. ಇನ್ನೂ ಕೇಳಿ, ಮೆಡಿಕಲ್ ಅಂಗಡಿಯಿಂದ ಸಂಡಾಸ ಕಟ್ಟುವ ಗುಳಿಗೆ ತಂದು ಕೊಟ್ಟವರು ಮಹಾಂತಪ್ಪ ಕಾಕಾನೇ. “ಕಾಕಾ, ನೀವ ಕಲ್ಲ ಒಗದ್ರಿ ನೋಡ್ರಿ” ಅಂದಳು ಸಿಸ್ಟರ್. “ನನಗೇನ ಗೊತ್ತವ್ವಾ, ಈ ಮಗಾ ಬಾಳಿಹಣ್ಣ ತಿಂದೇನಿ ಅಂದಾ. ಸೊಸಿ ಮುಂದ ಹೆಂಗ ಹೇಳ್ಲಿ ಅಂದಾ. ಸೊಸಿ ಮುಂದ ಸತ್ತರ ನಡೀತೈತೇನಲೇ ಬಸಲಿಂಗ್ಯಾ?” ಅಂತ ಕಾಕಾ ಅಲ್ಲೇ ಬೈಯಲು ಶುರು ಮಾಡಿದರು. ಸಿಸ್ಟರಿನ ದನಿ ಮೆತ್ತಗಾಯಿತು. “ಯಪ್ಪಾ, ನಾಯಿ ಬಾಯಿ ಹಾಕೇತಿ. ನಿಮ್ಮ ತಪ್ಪಲ್ಲ, ಬಾಳಿಹಣ್ಣಿಂದೂ ತಪ್ಪಲ್ಲ. ಆ ಗುಳಿಗಿ ಬಂದ್ ಮಾಡ್ರಿ, ಈಗಿಂದೀಗ ಹೊಂಡ್ರಿ. ನಾಳೆ ಅನಬ್ಯಾಡ್ರಿ.”

ಮಹಾಂತಪ್ಪ ಕಾಕಾ ಬಾಡಿಗೆ ಗಾಡಿ ನಿಲ್ಲುವ ಕಡೆ ಓಡಿದರು. ಮಲ್ಲಿಕಸಾಬ ಅಣ್ಣ ಧಾರವಾಡಕ್ಕೆ ಸೀಟು ತುಂಬಿಸಿ ಹೊರಟಿದ್ದವರು, ಸುದ್ದಿ ಕೇಳಿ ಕೂತವರನ್ನೆಲ್ಲ ಇಳಿಸಿ ಗಾಡಿ ನಮ್ಮ ಬಾಗಿಲಿಗೆ ತಂದರು. ಒಬ್ಬ ಮುದುಕಿ ಗೊಣಗಿದಳಂತೆ. “ಅವ್ವಾ, ನಿನ್ನ ಬೀಗರು ನಾಳೆನೂ ಇರ್ತಾರ” ಅಂದರಂತೆ. ದಾರಿಯುದ್ದಕ್ಕೂ ಸಿಸ್ಟರ್ ಫೋನು ಮಾಡುತ್ತಿದ್ದಳು. ಸವದತ್ತಿಯಲ್ಲಿ ನಿಂತು ಸಲಾಯಿನ್ ಹಚ್ಚಿಸಿಕೊಂಡು ಮುಂದೆ ಬನ್ನಿ ಅಂದಳು. ಅಲ್ಲಿಯ ಡಾಕ್ಟರು ಕಾರ್ಡು ಓದಿ ಅವಳ ಜೊತೆಯೇ ಮಾತಾಡಿ, ಏನು ಕೊಡಬೇಕೋ ಅಷ್ಟೇ ಕೊಟ್ಟು ಕಳಿಸಿದರು. ಅವರ ಹೊಟ್ಟೆ ತಣ್ಣಗಿರಲಿ. ಹುಬ್ಬಳ್ಳಿಯಲ್ಲಿ ಪೈಪು ಹಾಕಿ ಕರುಳು ನೋಡಿದರು, ಒಳಗೆಲ್ಲ ಕೆಂಪಾಗಿ ಹುಣ್ಣಾಗಿತ್ತು. ಇನ್ನೆರಡು ದಿನ ಆರಾಮ ಅಂದಿದ್ದರೆ ಕರುಳು ತೂತು ಬೀಳುತ್ತಿತ್ತು ಅಂತ ದೊಡ್ಡ ಡಾಕ್ಟರು ನನಗೆ ಹೇಳಿದರು. ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟುವ ಔಷಧ ಕೊಟ್ಟರು, ಸ್ಟಿರಾಯ್ಡು ಅಂತ ಅದಕ್ಕೆ. ಕೊಟ್ಟ ಮೂರನೇ ದಿನಕ್ಕೆ ಹೊಟ್ಟೆ ಹತೋಟಿಗೆ ಬಂತು. ಅವತ್ತು ಹಿನಾಕೌಸರಳನ್ನು ಎದುರಿಗೆ ಕಂಡು ನಾನು ಅತ್ತುಬಿಟ್ಟೆ. “ಅಕ್ಕಾ, ಅಳಬ್ಯಾಡ್ರಿ, ನನಗ ಇನ್ನೂ ಹತ್ತ ಮಂದಿಗಿ ಫೋನ ಮಾಡೂದೈತಿ” ಅಂದಳು. ಶೇಂಗಾ ಹೋಳಿಗೆ ಕೊಟ್ಟರೆ ಒಂದು ಮುರಿದು ಬಾಯಿಗೆ ಹಾಕಿಕೊಂಡು ಓಡಿದಳು.

ಈಗ ಮನೆಯಲ್ಲಿ ಹೊಸ ಪದ್ಧತಿ. ಇದು ಸಿಸ್ಟರ್ ಹೇಳಿದ್ದಲ್ಲ, ಮಾವನವರೇ ಕಂಡುಹಿಡಿದದ್ದು. ಕಿಟಕಿಯಲ್ಲಿ ಒಂದು ಬಟ್ಟಲು ಇಟ್ಟಿದ್ದಾರೆ. ಸಂಡಾಸಕ್ಕೆ ಹೋಗಿ ಬಂದಾಗೊಮ್ಮೆ ಅದರಲ್ಲಿ ಒಂದು ಹುಣಸೆ ಬೀಜ ಹಾಕುತ್ತಾರೆ. ಬೆಳಿಗ್ಗೆ ನಾನು ಎಣಿಸಿ ಸಿಸ್ಟರಿಗೆ ಹೇಳಿ, ಬಟ್ಟಲು ಖಾಲಿ ಮಾಡಿ ಇಡುತ್ತೇನೆ. ಅವರು ಬಾಯಿ ಬಿಡಬೇಕಿಲ್ಲ, ನಾನು ಕೇಳಬೇಕಿಲ್ಲ. “ಛಲೋ ಐತ್ರಿ, ಇದನ್ನ ಬ್ಯಾರೆ ಮುದುಕರಿಗೂ ಹೇಳ್ತೇನಿ” ಅಂದಳು ಸಿಸ್ಟರ್. ಮಹಾಂತಪ್ಪ ಕಾಕಾ ದಿನಾ ಬಂದು ಮೊದಲು ಬಟ್ಟಲನ್ನೇ ನೋಡುತ್ತಾರೆ. “ಒಂದ ಬೀಜ. ಇವತ್ತ ಮಳಿ ಕಡಿಮಿ” ಅನ್ನುತ್ತಾರೆ. ಸ್ಟಿರಾಯ್ಡು ಗುಳಿಗೆಯಿಂದ ಮಾವನವರಿಗೆ ಹಸಿವು ಹೆಚ್ಚು, ನಿದ್ದೆ ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಇದೂ ಗುಳಿಗೆಯದೇ ಕೆಲಸ, ಗಾಬರಿ ಬೇಡ ಅಂತ ಅವಳು ಮೊದಲೇ ಹೇಳಿದ್ದಳು. ಹೇಳಿರದಿದ್ದರೆ ನಾನು ದೆವ್ವ ಹೊಕ್ಕಿದೆ ಅಂತ ಮಂತ್ರಿಸಲು ಒಯ್ಯುತ್ತಿದ್ದೆ. ಗುಳಿಗೆ ಒಮ್ಮೆಲೇ ಬಿಡುವಂತಿಲ್ಲ, ಮೆಟ್ಟಿಲು ಇಳಿದಂತೆ ಕಡಿಮೆ ಮಾಡಬೇಕು. ಯಾವ ವಾರ ಎಷ್ಟು ಅಂತ ಅವಳೇ ನೆನಪು ಮಾಡುತ್ತಾಳೆ. ನಾನು ಮತ್ತೆ ಫೋನು ಮಾಡಿ ಕೇಳುತ್ತೇನೆ. ಬೇಸರ ಮಾಡಿಕೊಳ್ಳದೆ ಮತ್ತೆ ಹೇಳುತ್ತಾಳೆ.

ಮಂಗಳವಾರದ ಒಂದು ಮಾತು ಬರೆಯಲೇಬೇಕು. ನಾನು ಹಿಟ್ಟು ನಾದುತ್ತಿದ್ದೆ. ಹೊಸ್ತಿಲಲ್ಲಿ ಕೆಮ್ಮು ಕೇಳಿಸಿತು. ಮಾವನವರು ನಿಂತಿದ್ದರು, ಅಪ್ಪು ಜೊತೆಗಿರಲಿಲ್ಲ. “ರಾಜೇಶ್ವರಿ, ಇವತ್ತ ನನಗ ಆರಾಮ ಇಲ್ಲವ್ವಾ. ಮೊಳಕಾಲ ಭಾಳ ನೂಸಾಕ ಹತ್ಯಾವ” ಅಂದರು. ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆರಾಮ ಇಲ್ಲ ಅಂತ ಈ ಮನೆಯ ಯಾರ ಬಾಯಿಂದಲಾದರೂ ಕೇಳಿದ್ದೂ ಅದೇ ಮೊದಲು. ಹಿಟ್ಟಿನ ಕೈಯಿಂದಲೇ ಫೋನು ಹಚ್ಚಿ ಸಿಸ್ಟರಿಗೆ ಹೇಳಿದೆ. ಅವಳು ಡಾಕ್ಟರನ್ನು ಕೇಳಿ ಹೇಳಿದಳು, ಅದು ದೊಡ್ಡದಲ್ಲ ಅಂತ. ಫೋನು ಇಟ್ಟ ಮೇಲೆ ನನಗೆ ಯಾಕೋ ಹಬ್ಬ ಬಂದಷ್ಟು ಸಂತೋಷವಾಯಿತು. ಮೊಳಕಾಲು ನೋಯುತ್ತದೆ ಅಂದರೆ ಸಂತೋಷಪಡುವ ಸೊಸೆ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಇನ್ನೊಂದು ಒಳ್ಳೆಯ ಸುದ್ದಿ. ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದು ನೋಡಿದರು. ಗಡ್ಡೆ ಕುಗ್ಗಿದೆಯಂತೆ. ನಾಯಿ ಕರಕ್ಕೆ ಬಾಯಿ ಹಾಕಿದರೂ ಕಳ್ಳನನ್ನು ಬಿಟ್ಟಿಲ್ಲ ಅಂತ ಮಾವನವರೇ ಎಲ್ಲರಿಗೂ ಹೇಳುತ್ತಾರೆ. ಸದ್ಯಕ್ಕೆ ಆ ಔಷಧ ನಿಲ್ಲಿಸಿದ್ದಾರೆ. ಕರುಳು ಪೂರ್ತಿ ತಣ್ಣಗಾದ ಮೇಲೆ, ಮತ್ತೆ ಹಚ್ಚಬಹುದೋ ಇಲ್ಲವೋ ಅಂತ ಡಿಸೆಂಬರ್ ಕೊನೆಗೆ ಹೇಳುತ್ತಾರೆ. ಅದೊಂದೇ ಈಗ ನನ್ನ ಜೀವ ತಿನ್ನುವ ಚಿಂತೆ. ಆದರೆ ಈ ಸಲದ ಚಿಂತೆಯಲ್ಲಿ ನಾನು ಒಬ್ಬಳೇ ಇಲ್ಲ. ಫೋನಿನ ಆ ಕಡೆ ಒಂದು ಜೀವ ಇದೆ, ಬಾಗಿಲಲ್ಲಿ ಮಹಾಂತಪ್ಪ ಕಾಕಾ ಇದ್ದಾರೆ, ಕರೆದರೆ ಮಲ್ಲಿಕಸಾಬ ಅಣ್ಣ ಇದ್ದಾರೆ. ಯಾರ ಋಣ ಯಾವಾಗ ತೀರಿಸುವುದೋ. ಯಲ್ಲಮ್ಮನ ಗುಡ್ಡದ ಕಡೆ ಮುಖ ಮಾಡಿ ಎಲ್ಲರ ಹೆಸರು ಹಿಡಿದು ದಿನಾ ಕೈ ಮುಗಿಯುತ್ತೇನೆ. ಹಿನಾಕೌಸರಳ ಹೆಸರನ್ನೂ ಸೇರಿಸುತ್ತೇನೆ, ತಾಯಿ ಏನೂ ಅನ್ನಲಿಕ್ಕಿಲ್ಲ.

ಅಪ್ಪುವಿನ ಮುಂದಿನ ಹಲ್ಲು ಬಿದ್ದಿದೆ. ನಿಮಗೆ ತೋರಿಸಬೇಕೆಂದು ಎತ್ತಿಟ್ಟುಕೊಂಡಿದ್ದಾನೆ, ಮಾಳಿಗೆಯ ಮೇಲೆ ಒಗೆಯಲು ಬಿಡುತ್ತಿಲ್ಲ. ಮಹಾಂತಪ್ಪ ಕಾಕಾ ನಿಮಗೆ ಶರಣು ಹೇಳಿದ್ದಾರೆ, ಬರುವಾಗ ಉಣ್ಣೆಯ ಟೊಪ್ಪಿಗೆ ತರಬೇಕಂತೆ. ಮಾವನವರ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಉಣ್ಣಿ, ಮಣ್ಣು ಜಾರುವ ಕಡೆ ಗಾಡಿ ನಿಲ್ಲಿಸಬೇಡಿ, ಥಂಡಿಯಲ್ಲಿ ಕಿವಿ ಮುಚ್ಚಿಕೊಳ್ಳಿ.

ಇಂತಿ ನಿಮ್ಮ ದಾರಿ ಕಾಯುವ
ರಾಜೇಶ್ವರಿ

ತಾ.ಕ.: ಸಂಜು ಬಂದು ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಇದನ್ನು ನಿಮಗೆ ಬರೆಯಬೇಡ ಅಂತ ಮಾವನವರು ಅಂದಿದ್ದಾರೆ, ಅದಕ್ಕೆ ಮೇಲೆ ಬರೆಯಲಿಲ್ಲ. ಬುಧವಾರ ಸಿಸ್ಟರ್, ಮಾವನವರು ತಿನ್ನುವ ಕುಡಿಯುವ ಔಷಧವನ್ನೆಲ್ಲ, ಚೂರ್ಣ ಕಷಾಯ ಇದ್ದರೆ ಅದನ್ನೂ, ಫೋನಿನ ಮುಂದೆ ಇಡಿ ಅಂದಳು. ಗುಳಿಗೆಗಳನ್ನಷ್ಟೇ ಇಟ್ಟರು. ಅವಳು ಫೋನು ಇಟ್ಟ ಮೇಲೆ ಟ್ರಂಕಿನ ತಳದಿಂದ ಒಂದು ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು. ದೀಪಾವಳಿಗೆ ನೀವು ಸಂಜುವಿನ ಕೈಯಲ್ಲಿ ಕಳಿಸಿದ ಕರಿ ಔಷಧ, ಶಕ್ತಿ ಬರಲಿ ಅಂತ. ಹಬ್ಬದಿಂದ ದಿನಾ ಹಾಲಿನಲ್ಲಿ ಕದಡಿ ಕುಡಿದಿದ್ದಾರೆ. ದವಾಖಾನೆಯಲ್ಲೂ ಯಾರಿಗೂ ಹೇಳಿಲ್ಲ. “ಅವನ ಹೆಸರ ಬರಬಾರದವ್ವಾ. ಅಲ್ಲೆ ಥಂಡ್ಯಾಗ ಕುಂತು ನನ್ನ ನೆನಸಿ ಕಳಸ್ಯಾನ” ಅಂದರು. ನಾನು ಕೂಡಲೇ ಸಿಸ್ಟರಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. “ಅಣ್ಣಾರಿಗಿ ಏನೂ ಅನಬ್ಯಾಡ್ರಿ. ಹೊಟ್ಟಿ ಕೆಟ್ಟಿದ್ದು ಇದರಿಂದನ ಅಂತ ನಾ ಹೇಳಂಗಿಲ್ಲ. ಆದ್ರ ಇದೇನಂತ ತಿಳೀದ ಡಾಕ್ಟರ್ ಮುಂದಿನ ಸಲಾಯಿನ್ ಹಚ್ಚಂಗಿಲ್ಲ” ಅಂದಳು. ಡಬ್ಬಿ ಈಗ ನನ್ನ ಹತ್ತಿರ ಇದೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನ್ನ ಕೈಗೆ ಕಳಿಸಿದ್ದರೆ ನಾನೇ ದಿನಾ ಹಾಲು ಕಾಸಿ ಕೊಡುತ್ತಿದ್ದೆ. ಮೇಲಿನ ಚೀಟಿ ಹರಿದು ಹೋಗಿದೆ. ಸಂಜು ಗುಡ್ಡದ ಬೇರು ಅನ್ನುತ್ತಾನೆ, ಮಾವನವರು ಕಲ್ಲಿನಿಂದ ಸುರಿಯುವ ರಸ ಅನ್ನುತ್ತಾರೆ. ನಿಮಗೆ ಗೊತ್ತಿದೆ ಅನ್ನಿಸಿದರೂ ಅಷ್ಟಕ್ಕೇ ಬಿಡಬೇಡಿ. ಮಾರಿದವನ ಹತ್ತಿರ ಹೋಗಿ, ಅದರ ಹೆಸರೇನು, ಅದರಲ್ಲಿ ಬೇರೆ ಏನು ಕೂಡಿಸಿದ್ದಾನೆ ಅಂತ ಅವನ ಕೈಯಿಂದಲೇ ಬರೆಸಿಕೊಳ್ಳಿ. ಬರೆದದ್ದನ್ನು ಅವನಿಗೆ ಓದಿ ಹೇಳಿ, ಇದೇ ಹೌದೇ ಅಂತ ಇನ್ನೊಮ್ಮೆ ಕೇಳಿ.